ಗರಸು ಸಿಗುವ ತನಕ

ಬೈಲಹೊಂಗಲ, 9 ಎಪ್ರಿಲ್ 1974

ಇವತ್ತೂ ಮಜ್ಜಿಗೆ. ದಿನಾ ಹನ್ನೊಂದಕ್ಕೆ ಒಂದು ಕೊಡ ಬಾಲವಾಡಿ ಕಟ್ಟುವ ಜಾಗಕ್ಕೆ ಕಳಿಸುವುದು ನನ್ನ ಪಾಳಿಯಾಗಿಬಿಟ್ಟಿದೆ. ಇವತ್ತು ನಾನೇ ಹೊತ್ತು ಹೋದೆ. ಪಾಯಕ್ಕೆ ಸುಣ್ಣದ ಗೆರೆ ಹಾಕಿದ್ದಾರೆ. ಎರಡು ಕೋಣೆ, ಒಂದು ಪಡಸಾಲೆ. ನಮ್ಮ ಮಹಿಳಾ ಮಂಡಳ ಐದು ವರ್ಷ ಓಡಾಡಿದ್ದು ಇಷ್ಟಕ್ಕೇನಾ ಅನಿಸುವಷ್ಟು ಸಣ್ಣದು. ಆದರೂ ಬಿಸಿಲಲ್ಲಿ ಬಹಳ ಹೊತ್ತು ನಿಂತು ನೋಡಿದೆ.

ಇಂಜಿನಿಯರ್ ವೆಂಕಣ್ಣನವರು ಬಂದಿದ್ದರು. ರಿಟೈರ್ ಆದವರು, ನಮ್ಮ ಮನೆಯವರ ಸ್ನೇಹಿತರು. ಪ್ಲ್ಯಾನ್ ಪುಕ್ಕಟೆ ಮಾಡಿಕೊಟ್ಟಿದ್ದಾರೆ. ಬೂಟಿನ ಹಿಮ್ಮಡಿಯಿಂದ ನೆಲ ಬಡಿದು, "ವೆರಿ ಹಾರ್ಡ್, ತಾರಾಬಾಯಿ. ಥ್ರೀ ಫೀಟ್ ಈಸ್ ಪ್ಲೆಂಟಿ" ಅಂದರು. ಮೂರು ಫೂಟು ಎಂದು ಬರೆದ ಕಾಗದಕ್ಕೆ ಸೆಕ್ರೆಟರಿ ಎಂದು ಸಹಿ ಹಾಕಿದೆ. ಏನೂ ಕೇಳಲಿಲ್ಲ. ಮಂಡಳದಲ್ಲಿ ಅವರ ಜೊತೆ ಇಂಗ್ಲಿಷಿನಲ್ಲಿ ಮಾತಾಡುವವಳು ನಾನೊಬ್ಬಳೇ. ಅದರ ಸಣ್ಣ ಸೊಕ್ಕು ಇತ್ತು — ಇಲ್ಲಿ ಬರೆಯಲು ಅಡ್ಡಿಯಿಲ್ಲ.

11 ಎಪ್ರಿಲ್

ಪಾಯ ತೋಡುವವರು ಕಾಡಪ್ಪ, ಅವನ ಹೆಂಡತಿ ಶೆಟ್ಟೆವ್ವ. ಮೂಲೆಯ ಗುಂಡಿ ಮೂರು ಫೂಟು ಆಯಿತು. ಕಾಡಪ್ಪ ಹಾರೆ ಒರಗಿಸಿ ಬೀಡಿ ಹಚ್ಚಿದ. ಶೆಟ್ಟೆವ್ವ ಮೇಲೆ ಬರಲೇ ಇಲ್ಲ.

"ಗರಸ ಹತ್ತಿಲ್ಲರಿ ಬಾಯಾರ. ಇನ್ನೂ ಕರೀ ಎರಿಮಣ್ಣ ಐತಿ."

ಸಾಹೇಬರು ಮೂರೇ ಸಾಕು ಅಂದಿದ್ದಾರೆ, ನೆಲ ಕಲ್ಲಿನ ಹಾಗಿದೆ ಅಂದಿದ್ದಾರೆ ಎಂದೆ.

"ಸಾಹೇಬರು ಬ್ಯಾಸಗ್ಯಾಗ ಬಂದಾರ್ರಿ. ಮಳಿಗಾಲದಾಗ ಬಂದಿದ್ರ ಬೂಟ ಇಲ್ಲೇ ಬಿಟ್ಟ ಹೋಗತಿದ್ರು."

ಕಾಡಪ್ಪ ಗದರಿಸಿದ. "ಹೇಳಿದಷ್ಟ ತೋಡು. ಊರ ಉಸಾಬರಿ ನಿನಗ್ಯಾಕ?"

"ನನ್ನ ಮೊಮ್ಮಗಳು ಇದರಾಗ ಕುಂದರಾಕಿ" ಅಂದಳು. ತಲೆ ಎತ್ತಲಿಲ್ಲ. "ಎರಿ ನೀರ ಕುಡದು ಉಬ್ಬತೈತಿ, ಗ್ವಾಡಿ ಎತ್ತತೈತಿ. ಒಣಗಿ ಬಿರೀತೈತಿ, ಗ್ವಾಡಿ ಕೈ ಬಿಡತೈತಿ. ಅದಕ್ಕ ಕೆಳಗ ಕಲ್ಲ ಕೂಡಿದ ಗಟ್ಟಿ ಗರಸ ಸಿಗೂಮಟ ತೋಡತಾರ್ರಿ, ಎಷ್ಟ ಫೂಟ ಆದ್ರೂ."

ಮನೆಗೆ ಬಂದು ದನದ ಕೊಟ್ಟಿಗೆಯ ಬಾಗಿಲು ನೋಡಿದೆ. ಪ್ರತಿ ಮಳೆಗಾಲ ಅದು ಬಿಗಿಯುತ್ತದೆ, ಬೇಸಿಗೆಯಲ್ಲಿ ಸಡಿಲ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ. ಯಾಕೆ ಹೀಗೆ ಎಂದು ಒಮ್ಮೆಯೂ ಕೇಳಿಕೊಂಡಿಲ್ಲ.

12 ಎಪ್ರಿಲ್, ಚಹಾದ ಹೊತ್ತು

ಇವರ ಮುಂದೆ ವಿಷಯ ತೆಗೆದೆ. ವಕೀಲರಲ್ಲವೇ, ಪೇಪರಿನಿಂದ ಕಣ್ಣು ಎತ್ತದೇ ಹೇಳಿದರು:

"ಮೂವತ್ತು ವರ್ಷ ಸರ್ಕಾರಿ ಕಟ್ಟಡ ಕಟ್ಟಿಸ್ಯಾರ ಅವರು. ಪುಕ್ಕಟೆ ಮಾಡಿಕೊಟ್ಟವರಿಗೆ ಹೀಂಗ ಕೇಳ್ಲಿಕ್ಕೆ ಹೋಗ್ತಾರೇನು?"

"ಎಲ್ಲೆ ಕಟ್ಟಿಸ್ಯಾರ್ರೀ?"

"ಎಲ್ಲಾ ಕಾರವಾರದ ಕಡೆ."

"ಅಲ್ಲೆ ಎರಿಮಣ್ಣು ಅದ ಏನ್ರೀ?"

ಪೇಪರ್ ಮಡಚಿದರು. "ನೀ ವಕೀಲಿ ಮಾಡಬೇಕಾಗಿತ್ತು" ಅಂದು ಕೋಟು ಹುಡುಕಲು ಎದ್ದರು.

ಆದರೆ ನನಗೂ ಒಂದು ಪ್ರಶ್ನೆ. ಇಂಗ್ಲಿಷ್ ಕೇಳಿ ವೆಂಕಣ್ಣನವರನ್ನು ನಂಬಿದೆ. ಮೊಮ್ಮಗಳ ಮಾತು ಕೇಳಿ ಶೆಟ್ಟೆವ್ವನನ್ನು ನಂಬಿದರೆ ಅದೂ ಅಷ್ಟೇ ಅಲ್ಲವೇ? ಎರಡೂ ಕಡೆ ನಾನು ಮಣ್ಣು ನೋಡಲಿಲ್ಲ…

13 ಎಪ್ರಿಲ್

ಇದನ್ನೇ ಶೆಟ್ಟೆವ್ವನಿಗೆ ಹೇಳಿದೆ, ಸಂಕೋಚದಿಂದಲೇ. ಬೇಸರ ಮಾಡಿಕೊಳ್ಳಲಿಲ್ಲ.

"ನಂಬಬ್ಯಾಡ್ರಿ. ಯಾಕ ನಂಬತೀರಿ? ಒಂದ ದಾರ ತರ್ರಿ."

ಹೊಲಿಗೆ ಡಬ್ಬಿಯಿಂದ ನೀಲಿ ದಾರದ ಉಂಡೆ ಒಯ್ದೆ. ಮೂರು ಫೂಟಿನ ಗುಂಡಿಯ ತಳದಲ್ಲಿ ಒಂದು ಚಪ್ಪಟೆ ಕಲ್ಲು ಇಟ್ಟಳು. ಆಚೆ ಈಚೆ ದಂಡೆಯ ಮೇಲೆ ಎರಡು ಗೂಟ. ಗೂಟದಿಂದ ಗೂಟಕ್ಕೆ ದಾರ ಬಿಗಿದು, ಮಧ್ಯೆ ಒಂದು ಕಡ್ಡಿ — ಕಲ್ಲಿನ ಮೇಲೆ ನಿಂತದ್ದು, ತುದಿ ದಾರಕ್ಕೆ ಒಂದು ಬೆರಳು ಕೆಳಗೆ. ಆ ಬೆರಳು ನನ್ನದು, ನಾನೇ ಅಳೆದದ್ದು. ಆಮೇಲೆ ಕಲ್ಲಿನ ಸುತ್ತ ನೀರು. ಸಂಜೆಯೊಳಗೆ ಹದಿನಾಲ್ಕು ಕೊಡ. ಆರು ಕೊಡ ನಾನು ಹೊತ್ತೆ. ಸೊಂಟ ಹಿಡಿದಿದೆ.

17 ಎಪ್ರಿಲ್

ಕಡ್ಡಿ ದಾರವನ್ನು ಎತ್ತಿ ನಿಂತಿದೆ! ಕಲ್ಲು ಎರಡು ಬೆರಳು ಮೇಲೆ ಬಂದಿದೆ. ಕಲ್ಲು. ಕೆಳಗಿನ ಮಣ್ಣು ಅದನ್ನು ಹೊತ್ತು ಎದ್ದಿದೆ.

ವೆಂಕಣ್ಣನವರನ್ನು ಕರೆಸಿದೆ. ಬಗ್ಗಿ ನೋಡಿದರು. "ಕೂಲಿ ಹೆಂಗಸಿನ ಮಾತು ಕೇಳಿ ಈ ಆಟ ಏನು?" ಎಂದು ಇಂಗ್ಲಿಷಿನಲ್ಲೇ ಕೇಳಿದರು. ಶೆಟ್ಟೆವ್ವ ಪಕ್ಕದಲ್ಲಿದ್ದಳು.

"ಐ ಆಮ್ ನಾಟ್ ಕನ್ವಿನ್ಸ್ಡ್, ಸರ್" ಅಂದೆ. ಆಮೇಲೆ ಅವಳಿಗೂ ತಿಳಿಯಲಿ ಎಂದು ಕನ್ನಡದಲ್ಲಿ: "ಆಕೀ ಮಾತು ಬಿಡ್ರಿ. ದಾರ ನೋಡ್ರಿ. ಮೂರು ಫೂಟು ಹ್ಯಾಂಗ ಸಾಕಾಗ್ತದ, ನನಗ ತಿಳಿಸಿ ಹೇಳ್ರಿ."

ಪ್ಲ್ಯಾನಿನ ಸುರುಳಿ ನನ್ನ ಕೈಗೆ ಕೊಟ್ಟು ಹೋದರು.

ಕಾನ್ವೆಂಟಿನಲ್ಲಿ ಹತ್ತು ವರ್ಷ ಇಂಗ್ಲಿಷ್ ಕಲಿತೆ. ಅದರಲ್ಲಿ "ಯೆಸ್ ಸರ್" ಬಿಟ್ಟು ಬೇರೆ ಮಾತು ಹೇಳಿದ್ದು ಇವತ್ತೇ ಮೊದಲು.

19 ಎಪ್ರಿಲ್

ಮಂಡಳದ ಸಭೆ. ಅಧ್ಯಕ್ಷೆ ಇಂದಿರಾಬಾಯಿ ಹೌಹಾರಿದರು. "ದೊಡ್ಡವರನ್ನ ಎದುರು ಹಾಕ್ಕೊಂಡ್ರಿ, ತಾರಾಬಾಯಿ. ನಾಳೆ ಏನಾದ್ರೂ ಆದ್ರ?"

"ಮೂರು ಫೂಟಿನ ಮ್ಯಾಲೆ ಕಟ್ಟಿದ ಗ್ವಾಡಿ ಬಿದ್ರ ಯಾರ ಮಕ್ಕಳ ಮ್ಯಾಲೆ ಬೀಳ್ತದ್ರೀ?" ಅಂದೆ. ಎಲ್ಲರನ್ನೂ ಗುಂಡಿಯ ಹತ್ತಿರ ಕರೆದೊಯ್ದೆ. ಹದಿಮೂರು ಜನ, ಸೀರೆಯ ನೆರಿಗೆ ಎತ್ತಿ ಹಿಡಿದು, ಒಂದು ನೀಲಿ ದಾರವನ್ನು ನೋಡುತ್ತ. ಗರಸು ಸಿಗುವ ತನಕ ತೋಡಲು ಒಂಬತ್ತು ಕೈ ಮೇಲೆದ್ದವು. ಕಾಗದದ ಮೇಲಿನ ನನ್ನ ಸಹಿಗೆ ನಾನೇ ಗೆರೆ ಎಳೆದೆ.

2 ಮೇ

ಆರೂವರೆ ಫೂಟು. ಹಾರೆಯ ಸಪ್ಪಳ ಬದಲಾಯಿತು, ಮೇಲೆ ನಿಂತ ನನಗೂ ಕೇಳಿಸಿತು. ಶೆಟ್ಟೆವ್ವ ಕೆಳಗಿನಿಂದ ಒಂದು ಹಿಡಿ ಕೆಂಪು ಗರಸು ನನ್ನ ಕೈಗೆ ಹಾಕಿದಳು. "ಹಿಡೀರಿ. ನಿಮ್ಮ ಸಾಲಿ ಇದರ ಮ್ಯಾಲ ಕುಂದರತೈತಿ."

ಕಾಡಪ್ಪ ಗುಂಡಿ ದಂಡೆಯ ಮೇಲಿದ್ದ. "ನಾ ಮೊದಲ ಹೇಳಿದ್ನಿಲ್ಲ?" ಅಂದ. ಅವಳು ನಕ್ಕು ಬುಟ್ಟಿಯನ್ನು ಅವನ ತಲೆಗೆ ಏರಿಸಿದಳು.

ಆ ಹಿಡಿ ಮಣ್ಣು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಬೆಳ್ಳಿಯ ಕುಂಕುಮದ ಬಟ್ಟಲಲ್ಲಿ ಇಟ್ಟಿದ್ದೇನೆ.

22 ಸೆಪ್ಟೆಂಬರ್

ಒಂಬತ್ತು ದಿನ ಮಳೆ. ಇವತ್ತು ಬಿಸಿಲು. ನಮ್ಮ ಕೊಟ್ಟಿಗೆ ಬಾಗಿಲು ಎಂದಿನಂತೆ ಬಿಗಿದಿದೆ. ಬಾಲವಾಡಿಗೆ ಓಡಿದೆ, ಚಪ್ಪಲಿ ಕೆಸರಿನಲ್ಲಿ ಉಳಿದವು. ಬಾಗಿಲನ್ನು ಒಂದು ಬೆರಳಿನಿಂದ ದೂಡಿದೆ. ತೆರೆಯಿತು. ಗೋಡೆಯಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ.

ಒಳಗೆ ವೆಂಕಣ್ಣನವರಿದ್ದರು, ಕೊಡೆ ಹಿಡಿದು. ಮೂಲೆ ಮೂಲೆ ಸವರಿ ನೋಡುತ್ತಿದ್ದರು. ಶೆಟ್ಟೆವ್ವ ಮೊಮ್ಮಗಳನ್ನು ಬಿಡಲು ಬಂದಳು.

"ಎಷ್ಟಕ್ಕ ಸಿಕ್ತವಾ ಗರಸು?" ಕನ್ನಡದಲ್ಲೇ ಕೇಳಿದರು.

"ಆರೂವರಿಗೆ ರೀ."

ಕಿಸೆಯ ಡೈರಿ ತೆಗೆದು ಬರೆದುಕೊಂಡರು. ಆ ಡೈರಿ ತೆಗೆದದ್ದಕ್ಕೆ ನಾನು ಅವರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

6 ಅಕ್ಟೋಬರ್

ರಾಮದುರ್ಗ ತಾಲೂಕಿನ ಸುರೇಬಾನದಿಂದ ರಾಚವ್ವ ಎಂಬವರು ಬಂದಿದ್ದರು. ಅಲ್ಲಿಯ ಹೆಂಗಸರೂ ಒಂದು ಬಾಲವಾಡಿ ಕಟ್ಟುತ್ತಾರಂತೆ. ನಮ್ಮ ಸುದ್ದಿ ರಾಮದುರ್ಗದ ತನಕ ಹೋಗಿದೆಯಂತೆ. ಬೀಗಿದೆ — ಸುಳ್ಳೇಕೆ.

"ಎಷ್ಟ ಫೂಟ ತೋಡಸೂನ್ರಿ? ನೀವ ಒಂದ ಮಾತ ಹೇಳಿಬಿಡ್ರಿ ಬಾಯಾರ. ನಿಮಗ ಎಲ್ಲಾ ಗೊತ್ತೈತಿ. ನೀವ ಅಂದ್ರ ಮುಗೀತು."

ಆರೂವರೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸುರೇಬಾನದ ಮಣ್ಣನ್ನು ನಾನು ಮುಟ್ಟಿಯೂ ನೋಡಿಲ್ಲ. ಅವರ ಮುಖ ನೋಡಿದೆ. ಎಪ್ರಿಲ್ ಒಂಬತ್ತಕ್ಕೆ ನನ್ನ ಮುಖವೂ ಹೀಗೇ ಇದ್ದಿರಬೇಕು.

"ನನ್ನ ಮಾತು ನಂಬಬ್ಯಾಡ್ರಿ" ಅಂದೆ.

ಸುರೇಬಾನಕ್ಕೆ ನಾಳೆ ಏಳರ ಬಸ್ಸು. ಶೆಟ್ಟೆವ್ವನೂ ಬರುತ್ತಾಳೆ. ಎರಡು ಗೂಟ ಚೀಲದಲ್ಲಿವೆ. ಆ ನೀಲಿ ದಾರದ ಉಂಡೆ ಎಲ್ಲಿಟ್ಟೆ —