ಹೇಮಾ ಮೈಕು ಇಸಿದುಕೊಂಡಳು

ಅಪ್ಪಾ,

ನೀನು ತೀರಿಕೊಂಡ ಮೇಲೆ ನಿನಗೊಂದು ಪತ್ರ ಬರೆಯಬೇಕು ಅನ್ನಿಸಿದ್ದು ಇವತ್ತೇ. ನಿನ್ನ ಕಿರಿಯ ಮಗಳು ಹೇಮಾ ಹಿರೇಬೆಂಡಿಗೇರಿಯ ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡಿದಳು.

ಟಿವಿ ಚರ್ಚೆಗಳಲ್ಲಿ ಕೇಳಿ ಕೇಳಿ ಬೈಪೋಲಾರ್ ಎನ್ನುವ ಮನಸ್ಸಿನ ಕಾಯಿಲೆಯ ಹೆಸರು ಈಗ ನಮ್ಮೂರ ಚಹಾದಂಗಡಿಗೂ ಬಂದಿದೆ. ಗಟಾರ ಕಟ್ಟಿಸುವ ಮಾತಿಗೆ ಅಧ್ಯಕ್ಷರು ತಪ್ಪಿದ್ದಕ್ಕೆ ಫಕ್ಕೀರೇಶ ಮೈಕಿನಲ್ಲಿ ಕೂಗಿದ: "ಅಧ್ಯಕ್ಷರಿಗೆ ಬೈಪೋಲಾರ್ ಆಗೈತ್ರಿ! ಒಮ್ಮೆ ಹೂಂ ಅಂತಾರ, ಒಮ್ಮೆ ಒಲ್ಲೆ ಅಂತಾರ." ಸಭೆಯೆಲ್ಲ ನಕ್ಕಿತು. ಅಧ್ಯಕ್ಷರೂ ನಕ್ಕರು.

ಹೇಮಾ ಹೋಗಿ ಮೈಕು ಇಸಿದುಕೊಂಡಳು. "ಆ ಬ್ಯಾನಿ ಇರೋದು ನನಗರಿ, ಅಣ್ಣಾರ. ಗುಳಿಗಿ ತಗೋತೇನಿ, ದಿನಾ ಬಂಕಾಪುರಕ್ಕ ಹೋಗಿ ದುಡಿಯಾಕತ್ತೇನಿ. ಅಧ್ಯಕ್ಷರು ಮಾತು ತಪ್ಯಾರ. ಯಾಕ ತಪ್ಪಿದ್ರಿ ಅಂತ ಕೇಳ್ರಿ. ಅದಕ್ಕ ನನ್ನ ಬ್ಯಾನಿ ಹೆಸರು ಯಾಕ?"

"ತಪ್ಪಾತ್ ನೋಡವಾ ತಂಗಿ" ಅಂದ ಫಕ್ಕೀರೇಶ. ಆಮೇಲೆ ಅಧ್ಯಕ್ಷರತ್ತ ತಿರುಗಿ, "ಗಟಾರ ಯಾಕ ಆಗಿಲ್ರಿ?" ಎಂದು ನೇರವಾಗಿ ಕೇಳಿದ. ಈ ಸಲ ಅಧ್ಯಕ್ಷರಿಗೆ ನಗಲು ಆಗಲಿಲ್ಲ.

ನನ್ನ ಎದೆ ಉಬ್ಬಿತ್ತು, ಅಪ್ಪಾ. ನೀನಿದ್ದಿದ್ದರೆ ಅವಳ ಕೈ ಹಿಡಿದು ಕೂರಿಸಿಬಿಡುತ್ತಿದ್ದೆಯೋ ಏನೋ. ಮನೆಗೆ ಬಂದವಳು ಏನೂ ಆಗಿಲ್ಲವೆಂಬಂತೆ ರೊಟ್ಟಿ ಕೇಳಿದಳು.

ಇರುವ ತನಕ ನೀನು ಅವಳ ಗುಳಿಗೆಗಳನ್ನು ಜೋಳದ ಡಬ್ಬಿಯಲ್ಲಿ ಹುಗಿದಿಡುತ್ತಿದ್ದೆ. ಯಾರಾದರೂ ಕಂಡು ಕೇಳಿದರೆ ಪಿತ್ತದ ಔಷಧ ಎನ್ನುತ್ತಿದ್ದೆ. ಈಗ ಅವು ಪಡಸಾಲೆಯ ಗೋಡೆಯ ಮಾಡದಲ್ಲಿ, ಬಂದವರಿಗೆಲ್ಲ ಕಾಣುವಂತೆ ಇವೆ.

ಡಬ್ಬಿಯಲ್ಲಿ ಈಗ ಬರೀ ಜೋಳವಿದೆ.

ನಿನ್ನ ಹಿರಿಯ ಮಗಳು,
ರಾಜಶ್ರೀ