ಕುಬಸದ ಅಳತೆ

ಕಮಲಾಪುರ
೧೨ ಫೆಬ್ರವರಿ ೨೦೨೫, ಬುಧವಾರ

ಸಬಾಳ ಅಬ್ಬಾ,

ಅಸ್ಸಲಾಮು ಅಲೈಕುಮ್. ಹೇಗಿದ್ದೀರಿ? ಸೊಂಟದ ನೋವು ಇಳಿಯಿತೇ? ಹೋದ ಸಲ ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ ಅಥವಾ ಆ ಶೀಸೆ ಪೆಟ್ಟಿಗೆಯ ತಳದಲ್ಲಿ ಹಾಗೇ ಮಲಗಿದೆಯೋ? ನಿಮ್ಮನ್ನು ನಾನು ಬಲ್ಲೆ, ಮಲಗಿಯೇ ಇರುತ್ತದೆ. ಬರೀ ರೊಟ್ಟಿ ಚಹಾದ ಮೇಲೆ ದಿನ ದೂಡಬೇಡಿ, ಬೇಳೆಯಾದರೂ ಕುದಿಸಿಕೊಳ್ಳಿ. ಅಲ್ಲಾಬಕ್ಷ ರಜೆ ಮುಗಿಸಿ ನೀವು ದುಡಿಯುವ ಪರದೇಶದ ಊರಿಗೇ ಹೊರಟಿದ್ದಾನೆ. ಅವನ ಕೈಯಲ್ಲಿ ಶೇಂಗಾ ಹಿಂಡಿ, ಒಣ ಖಾರ, ಈ ಕಾಗದ ಕಳಿಸುತ್ತಿದ್ದೇನೆ. ನಮ್ಮೂರ ಕೆಂಪು ಬಾಳೆಹಣ್ಣು ಬೇಕೆಂದಿದ್ದಿರಿ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಅದು ಪಚಡಿಯಾಗಿ ಅಲ್ಲಾಬಕ್ಷನ ಅಂಗಿಗೆಲ್ಲ ಮೆತ್ತಿಕೊಳ್ಳುತ್ತದೆ, ಊರಿಗೆ ಬಂದಾಗ ತಿನ್ನುವಿರಂತೆ.

ಫೋನ್ ಇರುವಾಗ ಕಾಗದ ಯಾಕೆ, ಅದೂ ಕನ್ನಡದಲ್ಲಿ ಯಾಕೆ ಎಂದು ಹುಬ್ಬು ಏರಿಸಬೇಡಿ. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ನೀವು "ಬಸ್, ಬಸ್, ಆಮ್ಯಾಲ ಮಾತಾಡೋಣು" ಎಂದು ಇಟ್ಟುಬಿಡುತ್ತೀರಿ. ನಿಮ್ಮ ಕೋಣೆಯ ಉಳಿದವರಿಗೆಲ್ಲ ಉರ್ದು ಬರುತ್ತದೆ, ಕನ್ನಡ ಒಬ್ಬರಿಗೂ ಬರುವುದಿಲ್ಲ. ಗಂಡ ಹೆಂಡತಿ ಜಗಳ ಹೀಗಾದರೂ ನಮ್ಮಿಬ್ಬರ ನಡುವೆ ಉಳಿಯಲಿ. ಇಬ್ಬರೂ ಸರಕಾರಿ ಕನ್ನಡ ಶಾಲೆಯಲ್ಲಿ ಛಡಿ ಏಟು ತಿಂದೇ ಕಲಿತವರಲ್ಲವೇ, ಓದಿಕೊಳ್ಳಿ. ಸಬಾ ಪಕ್ಕದಲ್ಲಿ ಕೂತು ನನ್ನ ಒತ್ತಕ್ಷರ ತಿದ್ದುತ್ತಿದ್ದಾಳೆ. ತಪ್ಪು ಕಂಡರೆ ಅವಳನ್ನು ಬೈಯಿರಿ.

ಬುರ್ಹಾನುದ್ದೀನ್ ಸಾಹೇಬರು ಮೊಹಲ್ಲಾದ ಹಿರಿಯರು, ನನಗೂ ಅವರ ಮೇಲೆ ಗೌರವ ಇದೆ. ಆದರೆ ಅವರು ನಿಮಗೆ ಫೋನ್ ಮಾಡಿ "ನಿನ್ನ ಬೀಬಿ ಬಜಾರದಾಗ ನಿಂತು ಗಂಡಸರ ಸಂಗಾಟ ವಾದಾ ಹಾಕ್ಲಾಕತ್ತಾಳ" ಎಂದರಂತೆ. ನೀವು ತಕ್ಷಣ ನನಗೆ ಹುಕುಂ ಕಳಿಸಿದಿರಿ: "ದುಕಾನ ಬಂದ್ ಮಾಡು, ಸಬಾನ ಕಾಲೇಜ್ ಬಿಡಸು, ಕಲಬುರಗಿಗಿ ಭಾಯಿ ಮನಿಗಿ ಹೋಗಿ ಇರು." ಏನು ನಡೆಯಿತು ಜೀನತ್ ಎಂದು ಒಂದು ಮಾತು ಕೇಳಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ. ಈಗ ನೀವು ಕೇಳದಿದ್ದರೂ ನಾನೇ ಹೇಳುತ್ತೇನೆ.

ಹೋದ ತಿಂಗಳು ಒಂದು ಸಂತೆಯ ದಿನ ಬೆಳಿಗ್ಗೆ ನಮ್ಮ ಟೇಲರ್ ಅಂಗಡಿಯ ಬಾಗಿಲಿಗೆ ಒಂದು ಚೀಟಿ ಅಂಟಿತ್ತು. ನಮ್ಮ ಜಾತಿಯವರ ಹತ್ತಿರ ಯಾರೂ ಏನೂ ಕೊಳ್ಳಬಾರದು, ಹೊಲಿಸಬಾರದು ಎಂದು ಬರೆದಿತ್ತು. ಅಂಟಿಸಿದವನು ಯಾರೋ ಹೊರಗಿನವನಲ್ಲ, ತಮ್ಮ ಮನೆಯ ಮುಂದಿನ ಖೋಲಿಯನ್ನು ಅಂಗಡಿಗೆ ಬಾಡಿಗೆ ಕೊಟ್ಟಿರುವ ಶಿವಕಾಂತಮ್ಮ ಕಾಕಿಯ ಮಗ ವಿವೇಕಾನಂದ. ಸಣ್ಣವನಿದ್ದಾಗ ನನ್ನ ಮಷಿನ್ನಿನ ಕೆಳಗೆ ಕೂತು ಚಿಂದಿ ಬಟ್ಟೆ ಆಯುತ್ತಿದ್ದವನು. ಈಗ ಐದಾರು ಗೆಳೆಯರನ್ನು ಕಟ್ಟಿಕೊಂಡು ಹಣೆ ತುಂಬ ಬಣ್ಣ ಬಳಿದುಕೊಂಡು ಓಡಾಡುತ್ತಾನೆ. ಅಂದು ನನ್ನ ಕಣ್ಣು ತಪ್ಪಿಸಿಯೇ ಮಾತಾಡಿದ: "ಖೋಲಿ ಖಾಲಿ ಮಾಡ್ರಿ." ಯಾಕೆ ಎಂದು ನಾನು ಕೇಳಿದ್ದೇ ಸಾಹೇಬರಿಗೆ ವಾದವಾಗಿ ಕಂಡಿತು. ಆಮೇಲೆ ಎರಡೂ ಕಡೆಯ ಹಿರಿಯರು ಒಬ್ಬ ವ್ಯಾಪಾರಿಯ ಗೋದಾಮಿನಲ್ಲಿ ಕೂತು ಶಾಂತಿ ಸಭೆ ಮಾಡಿದರು. ಹಬ್ಬದ ಮೆರವಣಿಗೆ ಯಾವ ದಾರಿಯಲ್ಲಿ ಹೋಗಬೇಕು ಎಂಬುದಕ್ಕೂ ಎಂದೂ ಒಪ್ಪದ ಆ ಗಂಡಸರು ನನ್ನ ಅಂಗಡಿ ಮುಚ್ಚಿಸುವುದಕ್ಕೆ ಮಾತ್ರ ಒಂದೇ ಮಾತಿಗೆ ಒಪ್ಪಿಬಿಟ್ಟರು ನೋಡಿ. ಆ ಕಡೆಯವರಿಗೆ ನಾನು ಮುಸಲ್ಮಾನಳು ಎಂಬುದು ಕಣ್ಣಿಗೆ ಚುಚ್ಚಿತು, ಈ ಕಡೆಯವರಿಗೆ ನಾನು ಹೆಂಗಸು ಎಂಬುದು. ಯಾರ ಅಂಗಡಿಯೋ ಆ ನನ್ನನ್ನೇ ಕರೆಯಲಿಲ್ಲ.

ನಿಮ್ಮ ಹುಕುಂ ಬಂದ ಮೇಲೆ ನಾನು ಅಂಗಡಿ ಮುಚ್ಚಿದ್ದೂ ನಿಜ. ಹೆದರಿದ್ದೆ. ನಾಲ್ಕು ದಿನ ಮನೆಯಲ್ಲಿ ಕೂತು ಗೋಡೆ ನೋಡಿದೆ. ಸಬಾ ಊಟಕ್ಕೆ ಕೂತಾಗ ಕೇಳಿದಳು, "ಅಮ್ಮಿ, ನೀ ಮಾಡಿದ ತಪ್ಪರೆ ಏನು? ಅಷ್ಟು ಹೇಳು, ಆಮ್ಯಾಲ ನಾನೂ ಕಾಲೇಜ್ ಬಿಡ್ತೀನಿ." ಹುಡುಕಿದೆ, ಹುಡುಕಿದೆ, ಒಂದೂ ಸಿಗಲಿಲ್ಲ ನನಗೆ. ಮರುದಿನ ಅವಳೊಂದಿಗೆ ನಾನೂ ಕಲಬುರಗಿ ಬಸ್ಸು ಹತ್ತಿದೆ. ಶರಣಬಸವೇಶ್ವರ ದೇವಸ್ಥಾನದ ಹತ್ತಿರದ ಒಂದು ಗಲ್ಲಿಯಲ್ಲಿ ಭುವನೇಶ್ವರಿ ಎಂಬ ವಕೀಲರಿದ್ದಾರೆ, ಸಬಾಳ ಕಾಲೇಜಿಗೆ ಬಂದು ಹೆಣ್ಣುಮಕ್ಕಳಿಗೆ ಕಾನೂನು ಹೇಳಿದ್ದರಂತೆ. ಕೂಡಿಸಿ ಚಹಾ ಕೊಟ್ಟು ಮೊದಲು ಕೇಳಿದ್ದೇ "ಅಂಗಡಿ ಯಾರದ್ರೀ?" ಎಂದು. ಸಬಾಳ ಅಬ್ಬಾನದು ಎಂದೆ. "ಮಷಿನ್ ಯಾರು ತುಳೀತಾರ?" ನಾನು ಎಂದೆ. "ಗಿರಾಕಿ ಯಾರ ಹೆಸರಿಗಿ ಬರ್ತಾರ?" ಅದೂ ನಾನೇ. "ಹಂಗಾರ ಮತ್ತೊಮ್ಮೆ ಹೇಳ್ರಿ, ಅಂಗಡಿ ಯಾರದು?" ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಬೋರ್ಡಿನ ಮೇಲೆ ನಿಮ್ಮ ಹೆಸರು ಹಾಕಿ ಮಜರ್ ಲೇಡೀಸ್ ಟೇಲರ್ ಎಂದಿದೆ, ನೀವೋ ಗುಂಡಿ ಕಿತ್ತರೆ ಪಿನ್ನು ಚುಚ್ಚಿಕೊಂಡು ಓಡಾಡುವವರು. ದುಡಿದು ತಿನ್ನುವುದು ನನ್ನ ಹಕ್ಕು, ಅದನ್ನು ಕಸಿಯಲು ಯಾವ ಸಭೆಗೂ ಅಧಿಕಾರವಿಲ್ಲ ಎಂದು ಆಕೆ ಬಿಡಿಸಿ ಹೇಳಿದರು. ಠಾಣೆಗೆ ನನ್ನದೇ ಹೆಸರಿನಲ್ಲಿ ಫಿರ್ಯಾದಿ ಬರೆದುಕೊಟ್ಟೆ. ಊರಿಗೆ ಬಂದ ಕೂಡಲೇ ಬಾಗಿಲು ತೆಗೆದೆ.

ಈಗ ನಗಲು ತಯಾರಾಗಿ. ವಿವೇಕಾನಂದನ ಹೆಂಡತಿ ಸೃಷ್ಟಿ ಬಸುರಿ, ಏಳನೇ ತಿಂಗಳ ಸೀಮಂತಕ್ಕೆ ಕುಬಸದ ಕಾರ್ಯ ನಿಗದಿಯಾಗಿತ್ತು. ಅವಳ ತವರಿನವರು ಹಸಿರು ಸೀರೆ, ಅದರ ಜೊತೆ ತೊಡುವ ಕುಬಸ ಹೊಲಿಸಲು ಹಸಿರು ಖಣ ಮೊದಲೇ ಕಳಿಸಿದ್ದರು. ಖಣ ನನ್ನ ಹತ್ತಿರವೇ ಇತ್ತು, ಅಳತೆ ತೆಗೆಯುವುದೊಂದು ಬಾಕಿ. ನಮ್ಮ ಧೀರ ಅದನ್ನು ಕಸಿದುಕೊಂಡು, ಹೆಂಡತಿಯ ಹಳೆಯ ಜಂಪರ್ ಒಂದನ್ನು ಅಳತೆಗೆ ಇಟ್ಟುಕೊಂಡು, ಕಲಬುರಗಿಯ ಒಬ್ಬ ಗಂಡು ಟೇಲರನ ಹತ್ತಿರ ಹೋದ. ಆ ಜಂಪರ್ ಮದುವೆಗೆ ಹೊಲಿದದ್ದು! ಬಸುರಿಯ ಮೈ ತಿಂಗಳು ತಿಂಗಳು ತುಂಬುತ್ತದೆ ಎಂಬುದು ಊರು ಉದ್ಧಾರ ಮಾಡಲು ಹೊರಟ ಗಂಡಸಿಗೆ ಹೊಳೆಯಲೇ ಇಲ್ಲ. ಹೊಲಿಸಿ ತಂದ ಕುಬಸ ಆ ಹುಡುಗಿಯ ಮೊಣಕೈ ದಾಟಲಿಲ್ಲ. ಖಣ ಇದ್ದದ್ದೇ ಒಂದು, ಅದಕ್ಕೂ ಕತ್ತರಿ ಬಿದ್ದಾಗಿತ್ತು.

ಅದು ಸಂತೆಯ ದಿನ, ಸಂಜೆಗೆ ಸಾಹೇಬರೂ ವಿವೇಕಾನಂದನೂ ಹತ್ತು ಜನರನ್ನು ಕರೆದುಕೊಂಡು ಅಂಗಡಿಯ ಮುಂದೆ ಬಂದರು, ಕೀಲಿಕೈ ಕೊಡು ಎಂದರು. ಕೊಡುವುದಿಲ್ಲ ಎಂದೆ. ಏನು ಕೇಳುವುದಿದ್ದರೂ ಠಾಣೆಯಲ್ಲಿ ಕೇಳಿ, ಅಲ್ಲಿ ನನ್ನ ಫಿರ್ಯಾದಿ ಇದೆ ಎಂದೆ. ಅಷ್ಟರಲ್ಲಿ ಒಳಮನೆಯಿಂದ ಸೃಷ್ಟಿ ಆ ಕುಬಸ ಹಿಡಿದುಕೊಂಡು ಸಾವಕಾಶವಾಗಿ ನಡೆದು ಬಂದಳು. ನಾಲ್ಕು ಜನರ ಮುಂದೆ ಒಂದು ಮಾತು ಎತ್ತಿ ಆಡದ ಹುಡುಗಿ ಗಂಡನಿಗೆ ನೇರ ಹೇಳಿದಳು, "ಇದು ಹೆಂಗ ತೊಡಬೇಕು, ನೀವೇ ತೊಟ್ಟು ತೋರಸ್ರಿ." ಸಂತೆಗೆ ಬಂದ ಹೆಂಗಸರು ಸುತ್ತ ನಿಂತಿದ್ದರು, ಒಬ್ಬಳು ಕಿಸಕ್ಕೆಂದಳು, ಆಮೇಲೆ ಎಲ್ಲರೂ. ಸೃಷ್ಟಿ ಮಾತ್ರ ನಗಲಿಲ್ಲ. "ನನ್ನ ಮೈ, ನನ್ನ ಅಳತಿ. ಅದು ಯಾರ ಕೈಗಿ ಕೊಡಬೇಕಂತ ನಾ ಹೇಳ್ತೀನಿ. ನೀವು ಹೇಳಬ್ಯಾಡ್ರಿ, ಈ ಸಾಹೇಬ್ರೂ ಹೇಳೋದು ಬ್ಯಾಡ. ನಂಗ ಜೀನತಕ್ಕನೇ ಹೊಲೀಬೇಕು." ಶಿವಕಾಂತಮ್ಮ ಕಾಕಿ ಹೊಸ್ತಿಲ ಮೇಲೆ ನಿಂತು ಮಗನಿಗೆ, "ಖೋಲಿ ನನ್ನ ಹೆಸರಿಲೆ ಅದ. ಕೀಲಿಕೈ ಬೇಕಾದ್ರ ನನಗ ಕೇಳು, ಆಕೀಗಿ ಯಾಕ ಕೇಳ್ತಿ?" ಎಂದರು. ಇಷ್ಟು ದಿನ ಅವರೂ ಮಗನಿಗೆ ಅಂಜಿ ಸುಮ್ಮನಿದ್ದವರೇ. ಆ ಚೀಟಿಯನ್ನು ಕಿತ್ತವರೂ ಅವರೇ. ವಿವೇಕಾನಂದ ಕಿವಿ ಕೆಂಪು ಮಾಡಿಕೊಂಡು ಹೋದ. ಸಾಹೇಬರು ಮಾತ್ರ ಹೋಗುವ ಮುಂಚೆ ನನ್ನತ್ತ ಬೆರಳು ಮಾಡಿ, "ನಿನ್ನ ಶೋಹರಿಗೇ ಕೇಳ್ತೀನಿ" ಎಂದರು, ಅಂದರೆ ನಿಮಗೆ.

ನಿಮ್ಮ ಭಯ ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡಿ. ಅಲ್ಲಿ ನಿಮ್ಮ ಪಾಸ್‌ಪೋರ್ಟ್ ಮಾಲೀಕನ ಕಪಾಟಿನಲ್ಲಿದೆ. ಊಟ ಸರಿಯಿಲ್ಲ ಎಂದು ಬಾಯಿ ಬಿಟ್ಟದ್ದಕ್ಕೆ ನಿಮ್ಮ ಪಕ್ಕದ ಮಂಚದವನನ್ನು ಪೊಲೀಸರು ಕರೆದುಕೊಂಡು ಹೋದರು, ಎಲ್ಲಿದ್ದಾನೋ ಇನ್ನೂ ತಿಳಿದಿಲ್ಲ ಎಂದು ನೀವೇ ಹೇಳಿ ಅತ್ತಿದ್ದಿರಿ. ಅಲ್ಲಿ ದೊರೆ ಆಡಿದ್ದೇ ಕಾನೂನು, ನೀವು ತಲೆ ತಗ್ಗಿಸಿ ದಿನ ಕಳೆಯಬೇಕು. ಆದರೆ ಆ ದೇಶದ ಭಯವನ್ನು ಇಲ್ಲಿಗೆ ಪಾರ್ಸಲ್ ಮಾಡಬೇಡಿ. ಇಲ್ಲಿಯೂ ಹಾಗೇ ಆಳಬೇಕೆನ್ನುವವರು ಗಲ್ಲಿಗೊಬ್ಬರು ಹುಟ್ಟಿಕೊಂಡಿದ್ದಾರೆ, ಆ ಕಡೆ ಒಬ್ಬ, ಈ ಕಡೆ ಒಬ್ಬರು. ನಾವು ಬಾಯಿ ಮುಚ್ಚಿಕೊಂಡಷ್ಟೂ ಅವರ ದನಿ ದೊಡ್ಡದಾಗುತ್ತದೆ. ಇಲ್ಲಿ ಕೇಳುವುದಕ್ಕೆ ಇನ್ನೂ ಒಂದು ಠಾಣೆ, ಒಂದು ಕೋರ್ಟು, ಒಬ್ಬ ಭುವನೇಶ್ವರಿ ಇದ್ದಾರೆ. ಇರುವಾಗ ಕೇಳದಿದ್ದರೆ ಮುಂದೆ ಸಬಾ ಯಾರನ್ನು ಕೇಳಬೇಕು?

ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹಳೆಯ ಗಿರಾಕಿಗಳಲ್ಲಿ ಕೆಲವರು ಇನ್ನೂ ಮುಖ ತಿರುಗಿಸಿ ಹೋಗುತ್ತಾರೆ. ನಮ್ಮ ಮೊಹಲ್ಲಾದ ಒಂದಿಬ್ಬರು ಸಲಾಮಿಗೆ ಜವಾಬು ಕೊಡುವುದಿಲ್ಲ. ಆದರೆ ಹೊಸಬರು ಬರುತ್ತಿದ್ದಾರೆ, ಬರಬೇಕೆಂದೇ ಬರುತ್ತಾರೆ, ಒಬ್ಬಳು ಹೊಲಿಸಲು ಬಟ್ಟೆ ತರದೆಯೇ ಬಂದು ಸುಮ್ಮನೆ ಕೂತು ಹೋದಳು. ಸೃಷ್ಟಿಯ ಕುಬಸಕ್ಕೆ ಕಂಕುಳಲ್ಲಿ, ಬೆನ್ನಲ್ಲಿ ಬೇರೆ ಹಸಿರು ಬಟ್ಟೆ ಕೂಡಿಸಿ ಹೊಲಿದುಕೊಟ್ಟೆ. ಭಾನುವಾರ ಕಾರ್ಯಕ್ಕೆ ನಮ್ಮಿಬ್ಬರನ್ನೂ ಕರೆದಿದ್ದರು, ಸಬಾ ಅವಳ ಕೈಗೆ ಮೆಹಂದಿ ಹಾಕಿದಳು. ಊಟಕ್ಕೆ ಕೂತಾಗ ನಮ್ಮ ಎಲೆಗೆ ಹೋಳಿಗೆ ಬಡಿಸಲು ಬಂದವನು ವಿವೇಕಾನಂದನೇ. ನನ್ನ ಮುಖ ನೋಡಲಿಲ್ಲ, ತುಪ್ಪ ಮಾತ್ರ ಕಡಿಮೆ ಹಾಕಲಿಲ್ಲ. ಮುಂದೊಂದು ದಿನ ಮುಖವನ್ನೂ ನೋಡುತ್ತಾನೆ ಎಂದು ನನಗೆ ಅನ್ನಿಸುತ್ತದೆ. ಸಬಾ ಕಾಲೇಜು ಬಿಡುವುದಿಲ್ಲ, ಆ ಮಾತು ಮತ್ತೆ ಎತ್ತಬೇಡಿ.

ಕಲಬುರಗಿಗೆ ಹೋದಾಗ ನಿಮ್ಮ ಭಾಯಿಯ ಮನೆಯಲ್ಲಿ ನಿಮ್ಮ ಅಮ್ಮಿಯನ್ನು ನೋಡಿ ಬಂದೆ, ಮೊಣಕಾಲು ನೋವು ಬಿಟ್ಟರೆ ಆರಾಮ ಇದ್ದಾರೆ, ನಿಮಗೆ ದುವಾ ಹೇಳಿದ್ದಾರೆ. ರಮ್ಜಾನ್ ಹತ್ತಿರ ಬಂತು, ಹೊಲಿಗೆ ರಾಶಿ ಬಿದ್ದಿದೆ. ನಿಮ್ಮ ಮೇಲೆ ಸಿಟ್ಟಿದೆ, ಅದಕ್ಕಿಂತ ಹೆಚ್ಚಾಗಿ ನಿಮ್ಮನ್ನು ನೋಡಬೇಕೆಂಬ ಆಸೆ ಇದೆ. ಅಲ್ಲಾಹ್ ನಿಮ್ಮ ಮೈಯನ್ನೂ ಮನಸ್ಸನ್ನೂ ಗಟ್ಟಿಯಾಗಿ ಇಟ್ಟಿರಲಿ.

ನಿಮ್ಮ
ಜೀನತ್

ತಾ.ಕ.: ಅಲ್ಲಾಬಕ್ಷ ಹೊರಗೆ ನಿಂತು ಅವಸರ ಮಾಡುತ್ತಿದ್ದಾನೆ, ಮುಖ್ಯವಾದದ್ದೇ ಉಳಿಯಿತು. ನಾಳೆಯೇ ಅವನು ಈ ಕಾಗದ ನಿಮ್ಮ ಕೈಗೆ ಮುಟ್ಟಿಸುತ್ತಾನೆ, ತಕ್ಷಣ ಓದಿ. ನಾಡಿದ್ದು ಶುಕ್ರವಾರ ಜುಮ್ಮಾ ನಮಾಜಿನ ನಂತರ ಬುರ್ಹಾನುದ್ದೀನ್ ಸಾಹೇಬರು ಜಮಾತಿನವರ ಮುಂದೆ ಸ್ಪೀಕರ್ ಹಾಕಿ ನಿಮಗೆ ಫೋನ್ ಮಾಡುತ್ತಾರಂತೆ. "ದುಕಾನ ನಡಸಲಿಕ್ಕಿ ನಿನ್ನ ಬೀಬಿಗಿ ನೀ ಇಜಾಜತ್ ಕೊಟ್ಟೀಯೇನು?" ಎಂದು ಕೇಳುತ್ತಾರೆ. ಇಲ್ಲ ಎನ್ನಬೇಡಿ. ಕೊಟ್ಟೇನಿ ಎಂದೂ ಅನ್ನಬೇಡಿ, ನಿಮ್ಮ ಅಪ್ಪಣೆಯೂ ನನಗೆ ಬೇಡ. "ಆಕೀಗೇ ಕೇಳ್ರಿ" ಅನ್ನಿ. ನಾನು ಅಲ್ಲೇ ಮಸೀದಿಯ ಬಾಗಿಲ ಹೊರಗೆ ನಿಂತಿರುತ್ತೇನೆ.