ಐದರ ತನಕ ಮಾತ್ರ

ಮಾರ್ಚ್ 3, ಸೋಮವಾರ

ಲಿಫ್ಟ್ ಬೆಳಿಗ್ಗೆಯೇ ಎರಡನೇ ಮಹಡಿಯಲ್ಲಿ ಮುನಿಸಿಕೊಂಡಿತು. ಬಾಗಿಲಿಗೆ ಒಂದು ಒದೆ ಕೊಟ್ಟ ಮೇಲೆ ದಾರಿಗೆ ಬಂತು. ಮೆಕ್ಯಾನಿಕ್‌ಗೆ ಹೇಳಿ ಹೇಳಿ ಸಾಕಾಗಿದೆ.

ಊಟ ಮುಗಿಸಿ ಬರುವಾಗ, ನನ್ನ ಬದಲಿಗೆ ಲಿಫ್ಟಿನಲ್ಲಿ ನಿಂತಿದ್ದ ವಾಚ್‌ಮನ್ ಕೂಗುತ್ತಿದ್ದ: "ಮೇಲೆ ಹೋಗೋರು ಯಾರ್ಯಾರಿದೀರಿ?" ಪಕ್ಕಕ್ಕೆ ಕರೆದು ಬೈದೆ. "ಇದು ಆಸ್ಪತ್ರೆ ಕಣಯ್ಯಾ. ಇಲ್ಲಿ ಯಾರನ್ನೂ ಮೇಲೆ ಹೋಗ್ತೀರಾ ಅಂತ ಕೇಳಬಾರದು. ಎಷ್ಟನೇ ಮಹಡಿ ಅನ್ನು." ಹತ್ತೊಂಬತ್ತು ವರ್ಷದಲ್ಲಿ ನನ್ನ ಬಾಯಿಂದ ಆ ಮಾತು ಬಂದಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ಮಾಡಿಕೊಂಡ ನಿಯಮ. ಸ್ವಲ್ಪ ಜಂಬವೂ ಇದೆ ಅದರ ಬಗ್ಗೆ.

ಮಾರ್ಚ್ 4, ಮಂಗಳವಾರ. ಸಂಜೆ

ಬರೆಯಲು ಕೈ ಬರುತ್ತಿಲ್ಲ. ಬರೆಯದಿದ್ದರೆ ಊಟ ಸೇರುವುದಿಲ್ಲ.

ಹನ್ನೊಂದು ಗಂಟೆ ಇರಬೇಕು. ಲಿಫ್ಟ್ ತುಂಬ ಜನ. ಕೊನೆಗೆ ಹತ್ತಿದವರು ಒಬ್ಬ ಹೆಂಗಸು — ಐವತ್ತರ ಆಸುಪಾಸು, ಬೆರಳ ತುದಿಗಳಲ್ಲಿ ಒಣಗಿದ ಅಂಟು, ಕೈಯಲ್ಲಿ ಹಳದಿ ಚೀಟಿ. "ಅಣ್ಣಾ, ಇದು ಎಲ್ಲಿ ಬರುತ್ತೆ? ಡಾಕ್ಟ್ರು ತಲೆನೇ ಎತ್ತಲಿಲ್ಲ. ಮೇಲೆ ಹೋಗಿ, ಅಲ್ಲಿ ಹೇಳ್ತಾರೆ ಅಂದ್ರು."

ಹಳದಿ ಎಂದರೆ ಐದನೇ ಮಹಡಿ. ಓದಬೇಕಾದ್ದೇ ಇಲ್ಲ. ಬಟನ್ ಒತ್ತುತ್ತಾ, ಬಾಗಿಲ ಕಡೆ ನೋಡುತ್ತಾ ಅಂದೆ: "ಕ್ಯಾನ್ಸರ್‌ನವರು ಐದಕ್ಕೆ. ಇಳಿದು ಎಡಕ್ಕೆ."

"ಯಾರಿಗೆ ಕ್ಯಾನ್ಸರ್?" ಅಂದರು.

ನಾನು... ನನ್ನ ನಾಲಿಗೆ ಬಿದ್ದುಹೋಗ. "ನಿಮಗೇ ಅಮ್ಮಾ. ಹಳದಿ ಚೀಟಿ ಅಲ್ವಾ?" ಅಂದೆ.

ಲಿಫ್ಟಿನಲ್ಲಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಸರಿಯಲು ಜಾಗ ಎಲ್ಲಿತ್ತೋ. ಮೂರರಲ್ಲಿ ಬಾಗಿಲು ತೆರೆಯಿತು. ಅವರು ಇಳಿದುಬಿಟ್ಟರು. ಮೆಟ್ಟಿಲು ಹಿಡಿದು ಕೆಳಗೆ ಹೊರಟುಹೋದರು. ಚೀಟಿ ನೆಲದ ಮೇಲೆ ಬಿದ್ದಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಬಟ್ಟೆ ಮಡಿಸುತ್ತಿದ್ದ ಕೈ ನಿಂತಿತು. "ಮೇಲೆ ಅನ್ನೋ ಒಂದು ಮಾತಿಗೆ ಅಷ್ಟು ಮಡಿ ಮಾಡ್ತೀರಿ. ಇದನ್ನ ಅಷ್ಟು ಸಲೀಸಾಗಿ ಅಂದ್ರಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಾರ್ಚ್ 6, ಗುರುವಾರ. ಊಟದ ಹೊತ್ತು

ಎರಡು ದಿನದಿಂದ ಬಾಗಿಲು ತೆರೆದಾಗಲೆಲ್ಲ ಹತ್ತುವವರ ಬೆರಳು ನೋಡುತ್ತಿದ್ದೇನೆ. ಅಂಟಿನ ಬೆರಳು ಬಂದಿಲ್ಲ.

ಐದಕ್ಕೆ ಹೋಗಿ ಕೇಳಿದೆ. ರಿಜಿಸ್ಟರಿನಲ್ಲಿ ಚೀಟಿಯಲ್ಲಿದ್ದ ಹೆಸರೇ ಇಲ್ಲ. ಕೆಳಗೆ, ಚೀಟಿ ಕೊಟ್ಟ ಕಡೆ ಕೇಳಿದೆ. "ಮೇಲೆ ಕಳಿಸಿ ಆಯ್ತಲ್ಲಾ" ಅಂದರು. ಕೆಳಗಿನವರ ಪ್ರಕಾರ ಹೋಗಿದ್ದಾರೆ. ಮೇಲಿನವರ ಪ್ರಕಾರ ಅಂಥವರು ಇಲ್ಲವೇ ಇಲ್ಲ. ಮೂರರಲ್ಲಿ ಇಳಿದು ಹೋದದ್ದು ಆಸ್ಪತ್ರೆಯವರಲ್ಲಿ ನನಗೊಬ್ಬನಿಗೆ ಗೊತ್ತು. ಚೀಟಿ ನನ್ನ ಜೇಬಿನಲ್ಲಿದೆ. ಅದರ ಮೇಲೆ 'ಅರ್ಜೆಂಟ್' ಅಂತ ಬರೆದು ಎರಡು ಗೆರೆ ಎಳೆದಿದ್ದಾರೆ. ಹೆಸರು ಇಲ್ಲಿ ಬರೆಯುವುದಿಲ್ಲ. ಬಾಯಿಬಿಟ್ಟದ್ದೇ ಸಾಕು.

ಹೇಳಿದರೆ ನನ್ನ ಕೆಲಸಕ್ಕೆ ಕುತ್ತು. ಹೇಳದಿದ್ದರೆ ಅವರಿಗೆ...

ಮಾರ್ಚ್ 7, ಶುಕ್ರವಾರ

ಹೇಳಿದೆ. ಐದರ ಹೆಡ್ ಸಿಸ್ಟರ್ ಮುಂದೆ, ಒಂದು ಮಾತೂ ಬಿಡದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ತಲೆಗೆ ಕೈ ಹಚ್ಚಿ ಕೂತರು.

"ಕೆಳಗಿನವರು ಹೇಳಿರ್ತಾರೆ ಅಂತ ನಾವು. ನಾವು ಹೇಳ್ತೀವಿ ಅಂತ ಅವರು. ಕಡೆಗೆ ಲಿಫ್ಟಲ್ಲಿ ಗೊತ್ತಾಗೋ ಹಾಗಾಯ್ತಲ್ಲಪ್ಪಾ."

ಚೀಟಿಯ ಮೇಲಿದ್ದ ನಂಬರಿಗೆ ಮೂರು ಸಲ ಫೋನ್ ಮಾಡಿದರು. ಸ್ವಿಚ್ ಆಫ್. ವಿಳಾಸದ ಜಾಗದಲ್ಲಿ ಒಂದು ಬುಕ್ ಬೈಂಡಿಂಗ್ ಅಂಗಡಿಯ ಹೆಸರಿತ್ತು. ಸಿಸ್ಟರ್ ಅಲ್ಲೇ ಕೂತು ಪತ್ರ ಬರೆದರು. ಕವರಿಗೆ ಹಾಕಿ ಅಂಟಿಸಿದರು. "ನಾಳೆ ನಿನಗೆ ರಜೆ ಅಲ್ವಾ? ಕೊಟ್ಟು ಬಾ. ಬಾಯಿ ಮಾತ್ರ ಬಿಡಬೇಡ."

ಮಾರ್ಚ್ 8, ಶನಿವಾರ

ಚಿಕ್ಕ ಅಂಗಡಿ. ಗೋಡೆಯುದ್ದಕ್ಕೂ ಬೆನ್ನು ಕಿತ್ತ ಪುಸ್ತಕಗಳು. ಅವರು ಚಾಪೆಯ ಮೇಲೆ ಕೂತು ಹಾಳೆಗಳನ್ನು ಹೊಲಿಯುತ್ತಿದ್ದರು. ನನ್ನನ್ನು ನೋಡಿದರು. ಸೂಜಿ ನಿಂತಿತು.

ಕವರ್ ಕೊಟ್ಟೆ. ಬಾಯಿ ಬಿಡಬಾರದಿತ್ತು. ಬಿಟ್ಟೆ. "ತಪ್ಪಾಯ್ತಮ್ಮಾ."

"ಬಸ್ಸಲ್ಲಿ ಸ್ಟಾಪ್ ಹೆಸರು ಕೂಗ್ತಾರಲ್ಲ, ಹಾಗೆ ಕೂಗಿದ್ರಿ. ನನ್ನ ಮುಖ ಕೂಡ ನೋಡಲಿಲ್ಲ."

"ಹೌದು."

"ಅದು ನನ್ನ ವಿಷಯ ರೀ. ಮೊದಲು ನಾನೊಬ್ಬಳೇ ಕೇಳಬೇಕಿತ್ತು. ಕೂತ್ಕೊಂಡು ಕೇಳಬೇಕಿತ್ತು. ನನ್ನ ತಂಗಿಗೆ ಇನ್ನೂ ಹೇಳಿಲ್ಲ. ಆ ಲಿಫ್ಟಲ್ಲಿದ್ದ ಆರು ಜನಕ್ಕೆ ಗೊತ್ತು."

"ಸಿಸ್ಟರ್ ಒಳ್ಳೆಯವರು. ಬನ್ನಿ ಅಮ್ಮಾ. ತಡ ಮಾಡಬೇಡಿ" ಅಂದೆ.

"ಬರ್ತೀನಿ ಅಂತ ಹೇಳಲ್ಲ. ನೀವಿನ್ನು ಹೊರಡಿ." ಕವರನ್ನು ಒಡೆಯಲಿಲ್ಲ. ಅಂಟಿನ ಡಬ್ಬದ ಕೆಳಗೆ ಇಟ್ಟರು.

ಮಾರ್ಚ್ 11

ಬಂದಿಲ್ಲ.

ಮಾರ್ಚ್ 14, ಶುಕ್ರವಾರ

ಬಂದಿಲ್ಲ.

ಆ ಚೀಟಿ ಬರೆದ ಕೆಳಗಿನ ಡಾಕ್ಟರು ಲಿಫ್ಟ್ ಹತ್ತಿದರು, ಒಬ್ಬರೇ. ಧೈರ್ಯ ಮಾಡಿದೆ. "ಸಾರ್, ಹಳದಿ ಚೀಟಿ ಕೊಡೋವಾಗ ಒಂದು ಮಾತು ಹೇಳಿ ಕಳಿಸಿ ಸಾರ್. ಪಾಪ, ಅವರಿಗೆ ಏನೂ ಗೊತ್ತಿರಲ್ಲ."

"ಟೈಮ್ ಎಲ್ಲಿದೆಯಪ್ಪಾ? ಹೊರಗೆ ಎಂಬತ್ತು ಜನ ಕೂತಿದಾರೆ." ಕಣ್ಣು ಫೋನಿನ ಮೇಲೆ. ಮೈಯೆಲ್ಲ ಉರಿದುಹೋಯಿತು. ಅವರು ಇಳಿದು ಹೋದ ಮೇಲೆ ನೆನಪಾಯಿತು — ಅವತ್ತು ನಾನೂ ಬಾಗಿಲು ನೋಡುತ್ತಿದ್ದೆ. ನನ್ನ ಹಿಂದೆ ಯಾವ ಎಂಬತ್ತು ಜನವೂ ಇರಲಿಲ್ಲ.

ಮನೆಯಲ್ಲಿ ಇವಳು ದಿನಾ ನಾನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಾಳೆ, "ಬಂದ್ರಾ?" ಅಂತ. ಇವತ್ತು ಕೇಳಲಿಲ್ಲ. ಮುಖ ನೋಡಿ ಒಳಗೆ ಹೋದಳು.

ಮಾರ್ಚ್ 19, ಬುಧವಾರ. ಮಧ್ಯಾಹ್ನ

ಬಂದರು!

ಹತ್ತೂವರೆಗೆ. ಒಬ್ಬರೇ. ಕೈಯಲ್ಲಿ ಸಿಸ್ಟರ್ ಕೊಟ್ಟ ಕವರ್, ಒಡೆದಿತ್ತು. ಈ ಸಲ ಬೆರಳು ನೋಡಲಿಲ್ಲ, ಮುಖ ನೋಡಿದೆ. "ಎಷ್ಟನೇ..." ಅನ್ನುವಷ್ಟರಲ್ಲಿ ಅವರೇ ಮಾತು ತೆಗೆದರು.

"ಮೇಲೆ ಹೋಗಬೇಕು ಅಣ್ಣಾ" ಅಂದರು.

ಬಟನ್ ಒತ್ತದೆ ಅವರ ಕಡೆ ತಿರುಗಿದೆ.

"ಐದರ ತನಕ ಮಾತ್ರ. ಅದಕ್ಕಿಂತ ಮೇಲೆ ಈಗಲೇ ಬೇಡ."

ಐದರ ಮೇಲೆ ಮಹಡಿಯೇ ಇಲ್ಲ. ಅದು ಅವರಿಗೂ ಗೊತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರೇ ಸ್ವಲ್ಪ ನಕ್ಕರು, ಆಮೇಲೆ ನಾನು ನಕ್ಕೆ.

ಎರಡು ದಾಟುವಾಗ ಅಂದರು: "ತಂಗಿಗೆ ಹೇಳಿದೆ. ಕೂರಿಸಿ, ಕೈ ಹಿಡ್ಕೊಂಡು ಹೇಳಿದೆ. ಅದಕ್ಕೇ ಇಷ್ಟು ದಿನ ಬೇಕಾಯ್ತು. ಸಂಜೆ ಬರ್ತಾಳೆ."

ಐದರಲ್ಲಿ ಬಾಗಿಲು ತೆರೆದೆ. ಇಳಿಯಲಿಲ್ಲ. ಅವರು ಕಾರಿಡಾರಿನ ಕಡೆ ನೋಡಿದರು. "ಎಡಕ್ಕೆ ಅಂದಿದ್ರಿ, ಅಲ್ವಾ?"

"ಎಡಕ್ಕೆ. ಬನ್ನಿ ಅಮ್ಮಾ, ಜೊತೆಗೆ ಬರ್ತೀನಿ."

ಡ್ಯೂಟಿಯಲ್ಲಿ ಲಿಫ್ಟ್ ಬಿಟ್ಟು ಕದಲಬಾರದು. ಹತ್ತೊಂಬತ್ತು ವರ್ಷ ಕದಲಿಲ್ಲ. ಸ್ಟೂಲ್ ತೆಗೆದು ಬಾಗಿಲಿಗೆ ಅಡ್ಡ ಇಟ್ಟೆ. ಅವರ ನಡಿಗೆಗೆ ತಕ್ಕ ಹಾಗೆ ನಿಧಾನ ನಡೆದೆ. ಹೆಡ್ ಸಿಸ್ಟರ್ ಫೋನ್ ಕೆಳಗಿಟ್ಟು ಎದ್ದು ಬಂದರು. ಒಳಗೆ ಕರೆದುಕೊಂಡು ಹೋಗಿ ಕುರ್ಚಿ ಕೊಟ್ಟರು. ತಾವೂ ಎದುರಿಗೆ ಕೂತರು. ಆಮೇಲೆ ನನ್ನ ಕಡೆ ನೋಡಿದರು. ಅರ್ಥವಾಯಿತು. ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಒಳಗೆ ಏನು ಹೇಳಿದರೋ, ಒಂದಕ್ಷರವೂ ಕೇಳಿಸಲಿಲ್ಲ.

ಕೆಳಗಿನಿಂದ ಲಿಫ್ಟಿನ ಬೆಲ್ ಒಂದೇ ಸಮ ಹೊಡೆಯುತ್ತಿತ್ತು. ಹೊಡೆಯಲಿ ಅಂದುಕೊಂಡು ಅಲ್ಲೇ ಬಾಗಿಲ ಪಕ್ಕ ನಿಂತೆ.